ತಳ ಮುಟ್ಟಬೇಕು, ತಳದಲ್ಲಿ ಕೂರಬಾರದು: ನದಿಯ ವಾಲ್‌ಐ ಮೀನಿಗೆ ಜಿಗ್ ಮತ್ತು ದಾರ ಕಟ್ಟುವ ಬಗೆ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಅಮೆರಿಕದ ಒಹಾಯೋ ರಾಜ್ಯದ ಟೊಲಿಡೋಗೆ ಬಂದು ಎರಡು ವರ್ಷ ಆಯ್ತು. ಚಿಕ್ಕಂದಿನಲ್ಲಿ ತುಂಗೆಯಲ್ಲಿ ಎರೆಹುಳ ಸಿಕ್ಕಿಸಿ ಗಾಳ ಹಾಕಿದ್ದು ಬಿಟ್ಟರೆ ಬೇರೆ ಅನುಭವ ಇಲ್ಲ. ಹೋದ ಏಪ್ರಿಲ್‌ನಲ್ಲಿ ಆಫೀಸಿನ ಗೆಳೆಯರ ಜೊತೆ ಮಾಮೀ ನದಿಗೆ ಇಳಿದೆ. ಭಾರ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದರು ಅಂತ ಅರ್ಧ ಔನ್ಸಿನ ಸೀಸದ ಜಿಗ್ (ತೂಕ ಕೂಡಿಸಿದ ಕೊಕ್ಕೆ), 8 ಪೌಂಡ್ ಎಳೆತ ತಡೆಯುವ ನೈಲಾನ್ ದಾರ ಕಟ್ಟಿದ್ದೆ. ನೀರು ಮೊಣಕಾಲಿನಿಂದ ಸೊಂಟದವರೆಗೆ ಇತ್ತು. ಒಂದೇ ಬೆಳಿಗ್ಗೆ 14 ಜಿಗ್ ಕಲ್ಲಿಗೆ ಸಿಕ್ಕಿ ಹೋದವು, ಒಂದು ಮೀನೂ ಬರಲಿಲ್ಲ. ಪಕ್ಕದಲ್ಲಿದ್ದ ಅಜ್ಜ ಒಬ್ಬರು ಒಂಬತ್ತು ಗಂಟೆಗೆಲ್ಲ 6 ಮೀನು ಹಿಡಿದು ಮನೆಗೆ ಹೋದರು. ದಾರ ಬದಲಿಸಬೇಕಾ, ಜಿಗ್ ಬದಲಿಸಬೇಕಾ? ಈ ಸಲ ಗೆಳೆಯರೊಬ್ಬರು ದೋಣಿಯಲ್ಲಿ ಡೆಟ್ರಾಯಿಟ್ ನದಿಗೂ ಕರೆದಿದ್ದಾರೆ. ಅಲ್ಲಿಗೂ ಇದೇ ಸಾಮಾನು ಸಾಕಾ? 9 ವರ್ಷದ ಮಗಳೂ ಬರುತ್ತೇನೆ ಅನ್ನುತ್ತಿದ್ದಾಳೆ. ಕರೆದುಕೊಂಡು ಹೋಗಬಹುದಾ?

ಉತ್ತರ: ಎರಡನ್ನೂ ಬದಲಿಸಿ. ಆದರೆ ಏನು ಕೊಳ್ಳಬೇಕು ಅನ್ನುವುದಕ್ಕೆ ಮೊದಲು ಆ 14 ಜಿಗ್ ಯಾಕೆ ಹೋದವು ಅಂತ ನೋಡೋಣ. ಅದು ತಿಳಿದರೆ ಅಂಗಡಿಯಲ್ಲಿ ಯಾರನ್ನೂ ಕೇಳದೆ ನೀವೇ ಆರಿಸಿಕೊಳ್ಳುತ್ತೀರಿ.

ಸೀಸದ ಜಿಗ್‌ನಲ್ಲಿ ಕೊಕ್ಕೆಯ ಕುತ್ತಿಗೆಗೇ ಸೀಸದ ಗುಂಡನ್ನು ಎರಕ ಹೊಯ್ದಿರುತ್ತಾರೆ. ತೂಕವೂ ಕೊಕ್ಕೆಯೂ ಒಂದೇ ಜಾಗದಲ್ಲಿ. ಗುಂಡು ಯಾವ ಸಂದಿಗೆ ಬೀಳುತ್ತದೋ ಕೊಕ್ಕೆಯೂ ಅದೇ ಸಂದಿಗೆ ಬೀಳುತ್ತದೆ. ಮಾಮೀ ನದಿಯಲ್ಲಿ ನೀವು ನಿಂತಿದ್ದ ಜಾಗದ ತಳವೆಲ್ಲ ಸುಣ್ಣಕಲ್ಲಿನ ಹಾಸು, ಅದರ ಸೀಳುಗಳು, ಜಲ್ಲಿ, ಗುಂಡುಕಲ್ಲು. ಅರ್ಧ ಔನ್ಸ್ ಅಂದರೆ ಹದಿನಾಲ್ಕು ಗ್ರಾಂ. ನೀರು ಇಳಿದ ದಿನ ಅಷ್ಟು ಸೀಸ ಬಿಟ್ಟರೆ ಅದು ನೇರ ಹೋಗಿ ಕಲ್ಲಿನ ಸಂದಿಯಲ್ಲಿ ಕೂರುತ್ತದೆ. ಆ ಅಜ್ಜನ ದಾರದ ತುದಿಯನ್ನು ಹತ್ತಿರದಿಂದ ನೋಡಿದ್ದರೆ ಬಹುಶಃ ಬೇರೆಯದೇ ಕಾಣುತ್ತಿತ್ತು. ತೂಕ ಒಂದು ಕಡೆ, ಕೊಕ್ಕೆ ಅಲ್ಲಿಂದ ಒಂದೂವರೆ, ಎರಡಡಿ ದೂರ, ಅದೂ ತೇಲುವ ಕೊಕ್ಕೆ. ಮಾಮೀ ನದಿಯಲ್ಲಿ ಹಳಬರೆಲ್ಲ ಹೆಚ್ಚಾಗಿ ಕಟ್ಟುವುದು ಅದನ್ನೇ.

ಇನ್ನು ಮೀನಿನ ವಿಷಯ. ವಾಲ್‌ಐ ನಮ್ಮ ನದಿಗಳಲ್ಲಿ ಇಲ್ಲ. ಉತ್ತರ ಅಮೆರಿಕದ ಪರ್ಚ್ ಕುಟುಂಬದಲ್ಲಿ ಇದೇ ದೊಡ್ಡದು. ಬೆನ್ನಲ್ಲಿ ಮುಳ್ಳಿನ ರೆಕ್ಕೆ, ಮೈ ಹಸಿರು ಬೆರೆತ ಹೊಂಬಣ್ಣ, ಕಣ್ಣು ಮಾತ್ರ ಹಾಲು ಸುರಿದಂತೆ ಮಂಜು ಮಂಜು. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಹೊಡೆಯುವ ಒಂದು ಪದರ ಇದೆ, ಬೆಕ್ಕಿನ ಕಣ್ಣಿನಲ್ಲಿ ಇರುವಂಥದ್ದು. ಅದಕ್ಕೇ ಕಲಕಿದ ನೀರಿನಲ್ಲೂ ಮಬ್ಬು ಬೆಳಕಿನಲ್ಲೂ ಇದಕ್ಕೆ ಚೆನ್ನಾಗಿ ಕಾಣುತ್ತದೆ. ಚಳಿಗಾಲ ಕಳೆದು ನೀರು ಸುಮಾರು 42 ಡಿಗ್ರಿ ಫ್ಯಾರನ್‌ಹೀಟ್ ದಾಟಿತು ಅಂದರೆ ಈರಿ ಸರೋವರದಿಂದ ಸಾವಿರಾರು ವಾಲ್‌ಐ ಮೊಟ್ಟೆ ಇಡಲು ಮಾಮೀ ನದಿಗೆ ಏರುತ್ತವೆ. 42ರಿಂದ 52 ಡಿಗ್ರಿವರೆಗೆ ಭರಾಟೆ. ಗಂಡು ಮೀನು ಮೊದಲು ಬಂದು ಕೊನೆವರೆಗೂ ಇರುತ್ತವೆ. ಹೆಣ್ಣು ಬಂದು, ಮೊಟ್ಟೆ ಇಟ್ಟು, ಹೊರಟುಬಿಡುತ್ತವೆ.

ಇಷ್ಟು ಸೆಳವಿರುವ ನೀರಿನಲ್ಲಿ ಅವು ನಿಲ್ಲುವುದು ಎಲ್ಲಿ? ತಳದಲ್ಲಿ. ಕಲ್ಲಿಗೆ ಉಜ್ಜಿ ಹರಿಯುವ ನೀರು ನಿಧಾನ, ಮೇಲೆ ಹರಿಯುವ ನೀರು ಜೋರು. ಮಳೆಗಾಲದಲ್ಲಿ ತುಂಗೆ ದಾಟುವಾಗ ಸೊಂಟದ ಹತ್ತಿರದ ಸೆಳವು ಪಾದದ ಹತ್ತಿರ ಇಲ್ಲದ್ದನ್ನು ನೀವು ಗಮನಿಸಿರಬಹುದು. ವಾಲ್‌ಐ ಆ ಕೆಳಗಿನ ಒಂದಡಿ ನೀರಿನಲ್ಲೇ ಹೊಟ್ಟೆ ತಾಗಿಸಿಕೊಂಡಂತೆ ನಿಂತಿರುತ್ತದೆ. ಅದರ ಮೂತಿಯ ಎದುರಿಗೆ ಹೋಗದ ಜಿಗ್ ಎಷ್ಟು ಚೆಂದ ಇದ್ದರೂ ದಂಡ. ಎರಡಡಿ ಮೇಲೆ ತೇಲಿ ಹೋದರೆ ಅದು ನೋಡುವುದೂ ಇಲ್ಲ. ತಳದಲ್ಲಿ ಕೂತುಬಿಟ್ಟರೆ ನಿಮ್ಮ ಹದಿನಾಲ್ಕರ ಜೊತೆ ಇನ್ನೊಂದು. ಹಾಗಾಗಿ ಜಿಗ್‌ನ ತೂಕ, ದಾರದ ದಪ್ಪ, ಲೀಡರಿನ (ಮುಖ್ಯ ದಾರದ ತುದಿಗೆ ಕಟ್ಟುವ ಗಿಡ್ಡ ದಾರ) ಉದ್ದ, ಗಂಟು ಎಲ್ಲವನ್ನೂ ಒಂದೇ ಪ್ರಶ್ನೆ ಇಟ್ಟು ಆರಿಸಿ: ಇದು ತಳ ಮುಟ್ಟುತ್ತಾ ಮುಂದೆ ಹೋಗುತ್ತದಾ, ಇಲ್ಲ ತಳದಲ್ಲಿ ಕೂರುತ್ತದಾ?

ಈಗ ಕಟ್ಟುವ ಕೆಲಸ. ಇದನ್ನು ನದಿಯಲ್ಲಿ ನಿಂತು ಕಲಿಯಬೇಡಿ. ಮಾರ್ಚ್ ತಿಂಗಳ ಚಳಿಗೆ ಬೆರಳು ಮರಗಟ್ಟಿರುತ್ತದೆ. ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ, ದೀಪದ ಕೆಳಗೆ ಕೂತು ಕಟ್ಟಿ. ನಾನು ಪ್ರತಿ ಸಲವೂ ಹತ್ತು ಲೀಡರ್ ಕಟ್ಟಿ, ರಟ್ಟಿನ ತುಂಡಿಗೆ ಸುತ್ತಿ, ಜಿಪ್ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ. ನೀರಿನಲ್ಲಿ ಒಂದು ಹೋದರೆ ಒಂದೇ ಗಂಟಿನ ಕೆಲಸ.

ಮುಖ್ಯ ದಾರಕ್ಕೆ ಮೊದಲು ಒಂದು ತೂತಿರುವ ಸೀಸದ ಗುಂಡು ಪೋಣಿಸಿ. ಮೊಟ್ಟೆ ಆಕಾರದ್ದು ಎಲ್ಲ ಕಡೆ ಸಿಗುತ್ತದೆ. ಅದರ ಹಿಂದೆ ಒಂದು ಪ್ಲಾಸ್ಟಿಕ್ ಮಣಿ. ಮಣಿ ಅಲಂಕಾರಕ್ಕಲ್ಲ. ಗುಂಡು ಪ್ರತಿ ಕಲ್ಲಿಗೆ ಬಡಿದಾಗಲೂ ನಿಮ್ಮ ಗಂಟಿನ ಮೇಲೆ ಸುತ್ತಿಗೆ ಏಟು ಬೀಳದಂತೆ ಅದು ಕಾಯುತ್ತದೆ. ಮಣಿ ಆದ ಮೇಲೆ ಚಿಕ್ಕ ಸ್ವಿವೆಲ್ ಕಟ್ಟಿ, ಅಂದರೆ ಎರಡೂ ತುದಿಗೆ ಕಣ್ಣು (ತೂತು) ಇರುವ, ತಿರುಗುವ ಲೋಹದ ಕೊಂಡಿ. ಸ್ವಿವೆಲ್‌ನ ಇನ್ನೊಂದು ಕಣ್ಣಿಗೆ ಲೀಡರ್, ಅಂದರೆ 18ರಿಂದ 24 ಇಂಚಿನ ಬೇರೆ ದಾರ. ಲೀಡರಿನ ತುದಿಗೆ ತೇಲುವ ಜಿಗ್ ಹೆಡ್. ಹಗುರ ಫೋಮಿನ ತಲೆ, ಒಂದೇ ಕೊಕ್ಕೆ. ಅದಕ್ಕೆ ಎರಡು ಮೂರು ಇಂಚಿನ ಮೆತ್ತನೆ ಪ್ಲಾಸ್ಟಿಕ್ ಹುಳ, ಬಾಲ ಸುರುಳಿಯಾಗಿರುವುದು. ಇಲ್ಲಿಯವರು ಟ್ವಿಸ್ಟರ್ ಟೇಲ್ ಅನ್ನುತ್ತಾರೆ. ನೀರಿನಲ್ಲಿ ಗುಂಡು ತಳದಲ್ಲಿ ಉರುಳುತ್ತಾ ಹೋಗುತ್ತದೆ, ಕೊಕ್ಕೆ ಅದರ ಹಿಂದೆ ಕಲ್ಲಿನಿಂದ ಕೆಲವು ಇಂಚು ಮೇಲೆ ಬಾಲ ಆಡಿಸುತ್ತಾ ಬರುತ್ತದೆ. ಸರಿಯಾಗಿ ಮೀನಿನ ಮೂತಿಯ ಎತ್ತರ.

ಹುಳ ಪೋಣಿಸುವಾಗ ಒಂದು ನಿಮಿಷ ಜಾಸ್ತಿ ತಗೊಳ್ಳಿ. ಕೊಕ್ಕೆಯ ಮೊನೆ ಹುಳದ ನಟ್ಟನಡುವೆ ಹೋಗಿ, ಎಲ್ಲಿ ಹೊರಬರಬೇಕೋ ಅಲ್ಲೇ ಬರಬೇಕು. ಮೊದಲು ಕೊಕ್ಕೆಯನ್ನು ಹುಳದ ಪಕ್ಕ ಹಿಡಿದು ಅಳತೆ ನೋಡಿಕೊಳ್ಳಿ. ಸೊಟ್ಟಗೆ ಕೂತ ಹುಳ ಸೆಳವಿನಲ್ಲಿ ಫ್ಯಾನಿನಂತೆ ತಿರುಗುತ್ತದೆ. ಮೀನೂ ಹತ್ತಿರ ಬರುವುದಿಲ್ಲ, ದಾರವೂ ಹುರಿಗೊಳ್ಳುತ್ತದೆ. ಬಣ್ಣದ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನ್ನ ಪೆಟ್ಟಿಗೆಯಲ್ಲಿ ಹಳದಿ ಹಸಿರು, ಗುಲಾಬಿ, ಕಿತ್ತಳೆ, ಬಿಳಿ ಇವೆ. ಕಲಕಿದ ನೀರಿಗೆ ಎದ್ದು ಕಾಣುವ ಬಣ್ಣ, ತಿಳಿ ನೀರಿಗೆ ಬಿಳಿ. ಅಷ್ಟೇ ನನ್ನ ಲೆಕ್ಕ.

ಗುಂಡಿನ ತೂಕವೇ ನಿಜವಾದ ವಿದ್ಯೆ. ಅರ್ಧ, 5/8, ಮುಕ್ಕಾಲು, ಒಂದು ಔನ್ಸ್ ಎಲ್ಲವೂ ಜೇಬಿನಲ್ಲಿ ಇರಲಿ, ನೀರು ತೀರಾ ಕಡಿಮೆ ಇದ್ದ ದಿನಕ್ಕೆ 3/8 ಕೂಡ. ಈ ಬಗೆಯ ಕಟ್ಟಿನಲ್ಲಿ ಅರ್ಧ ಔನ್ಸ್ ಜಾಸ್ತಿ ಅಲ್ಲ. ಗುಂಡಿಗೆ ಕೊಕ್ಕೆ ಇಲ್ಲವಲ್ಲ, ಕಲ್ಲು ಹತ್ತಿ ಇಳಿದು ಹೋಗುತ್ತದೆ. ಮೊದಲ ಎಸೆತಕ್ಕೆ ಅಂದಾಜಿನ ತೂಕ ಹಾಕಿ. ದಾರದಲ್ಲಿ ಟಕ್... ಟಕ್... ಟಕ್ ಅಂತ ಬರಬೇಕು. ಬೆರಳ ತುದಿಗೆ ಒಂದೆರಡು ಸೆಕೆಂಡಿಗೊಮ್ಮೆ ಒಂದು ಏಟು. ಏನೂ ತಿಳಿಯದೆ ದಾರ ಸರ್ರನೆ ಕೆಳಹರಿವಿಗೆ ಬಳಿದುಕೊಂಡು ಹೋದರೆ ತೂಕ ಕಡಿಮೆ. ಒಂದು ಏಟು ಬಂದು ನಿಂತುಬಿಟ್ಟರೆ ತೂಕ ಜಾಸ್ತಿ. ನೀರಿನ ಸೆಳವು ಎರಡು ಪಟ್ಟಾದರೆ ಅದು ದಾರವನ್ನು ತಳ್ಳುವ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಮಳೆ ಬಂದು ನೀರು ಒಂದಡಿ ಏರಿದ ದಿನ ನಿನ್ನೆಯ ಗುಂಡು ಕೆಲಸಕ್ಕೆ ಬರುವುದಿಲ್ಲ. ಹತ್ತು ಹೆಜ್ಜೆ ಪಕ್ಕಕ್ಕೆ ಸರಿದರೂ ತೂಕ ಬದಲಿಸಬೇಕಾಗಬಹುದು. ನಾನು ಹೊಸಬರ ಜೊತೆ ಹೋದಾಗ ನೋಡುವುದು ಇದೊಂದನ್ನೇ. ಬೆಳಿಗ್ಗೆ ಕಟ್ಟಿದ ಗುಂಡಿನಲ್ಲೇ ಮಧ್ಯಾಹ್ನದವರೆಗೆ ಎಸೆಯುತ್ತಿರುತ್ತಾರೆ. ಬದಲಿಸಲು ಬೇಜಾರು. ಅದಕ್ಕೆ ನಾನು ಗುಂಡಿನ ಬದಲು ದಾರದ ಮೇಲೆ ಓಡಾಡುವ ಒಂದು ಚಿಕ್ಕ ಕ್ಲಿಪ್ ಹಾಕಿ, ಅದಕ್ಕೆ ತೂಕ ಸಿಕ್ಕಿಸುತ್ತೇನೆ. ಗಂಟು ಬಿಚ್ಚದೆ ಹತ್ತು ಸೆಕೆಂಡಿನಲ್ಲಿ ಅರ್ಧ ತೆಗೆದು ಮುಕ್ಕಾಲು ಹಾಕಬಹುದು.

ದಾರಕ್ಕೆ ಬರೋಣ. ಮಾರುಕಟ್ಟೆಯಲ್ಲಿ ಮೂರು ಜಾತಿ. ಒಂದು, ನೈಲಾನಿನ ಒಂಟಿ ಎಳೆ, ಇಲ್ಲಿ ಮೋನೋ ಅನ್ನುತ್ತಾರೆ. ಇನ್ನೊಂದು, ಸಣ್ಣ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದ ಬ್ರೇಡ್. ಮೂರನೆಯದು ಫ್ಲೋರೋಕಾರ್ಬನ್. ನಿಮ್ಮ 8 ಪೌಂಡ್ ನೈಲಾನ್ ಕಾಲು ಮಿಲಿಮೀಟರಿಗಿಂತ ಸ್ವಲ್ಪ ದಪ್ಪ. 10 ಪೌಂಡಿನ ಬ್ರೇಡ್ ಸುಮಾರು 0.15 ಮಿಲಿಮೀಟರ್. ತಡೆಯುವ ಶಕ್ತಿ ಜಾಸ್ತಿ, ದಪ್ಪ ಹತ್ತಿರ ಹತ್ತಿರ ಅರ್ಧ. ಸೆಳವಿನಲ್ಲಿ ಇದು ದೊಡ್ಡ ವ್ಯತ್ಯಾಸ. ದಪ್ಪ ದಾರವನ್ನು ನೀರು ಬಿಲ್ಲಿನಂತೆ ಬಗ್ಗಿಸುತ್ತದೆ. ಆ ಬಿಲ್ಲು ಇರುವವರೆಗೆ ತಳದ ಏಟು ನಿಮ್ಮ ಬೆರಳಿಗೆ ತಲುಪುವುದಿಲ್ಲ. ಜೊತೆಗೆ ನೈಲಾನ್ ಹಿಗ್ಗುತ್ತದೆ, ಬ್ರೇಡ್ ಹಿಗ್ಗುವುದೇ ಇಲ್ಲ ಅನ್ನಬಹುದು. ಹೋದ ವರ್ಷ ಮೀನು ನಿಮ್ಮ ಜಿಗ್ಗನ್ನು ಬಾಯಿಗೆ ಹಾಕಿಕೊಂಡು ಉಗುಳಿಯೂ ಇರಬಹುದು, ನಿಮಗೆ ತಿಳಿದಿರಲಿಕ್ಕಿಲ್ಲ.

ಹಾಗಂತ ಬ್ರೇಡ್ ಎಲ್ಲಕ್ಕೂ ಮದ್ದಲ್ಲ. ಬೆಳಗಿನ ಜಾವ ಉಷ್ಣಾಂಶ ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿದ್ದರೆ ಹೆಣಿಗೆಯೊಳಗೆ ನೀರು ಹಿಡಿದುಕೊಂಡು ರಾಡಿನ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಅಂಥ ದಿನ ನಾನು 10 ಪೌಂಡಿನ ಮೋನೋ ಸುತ್ತಿದ ಇನ್ನೊಂದು ಸ್ಪೂಲ್ ಹಾಕಿಕೊಳ್ಳುತ್ತೇನೆ. ಬ್ರೇಡ್ ಕಲ್ಲಿನ ಅಂಚಿಗೆ ಉಜ್ಜಿದರೆ ಬೇಗ ಜಾಳಾಗುತ್ತದೆ ಕೂಡ. ನಿಮಗೆ ನನ್ನ ಸಲಹೆ: 15 ಪೌಂಡಿನ ಬ್ರೇಡ್ ಮುಖ್ಯ ದಾರ, ಲೀಡರ್ ಮಾತ್ರ 8 ಅಥವಾ 10 ಪೌಂಡಿನ ಮೋನೋ. ಫ್ಲೋರೋಕಾರ್ಬನ್ ನೀರಿನಲ್ಲಿ ಕಾಣುವುದು ಕಡಿಮೆ, ಬೇಗ ಮುಳುಗುತ್ತದೆ, ಉಜ್ಜುವಿಕೆ ತಡೆಯುತ್ತದೆ. ಆದರೆ ಮಾಮೀ ನದಿಯ ವಸಂತದ ನೀರು ಚಹಾದ ಬಣ್ಣದ್ದು. ಅಲ್ಲಿ ಕಾಣದಿರುವ ದಾರಕ್ಕೆ ದುಡ್ಡು ಸುರಿಯುವ ಅಗತ್ಯ ನನಗೆ ಕಂಡಿಲ್ಲ. ತೇಲುವ ಜಿಗ್ಗಿಗೆ ಮುಳುಗುವ ಲೀಡರ್ ಕಟ್ಟುವುದೂ ಅಷ್ಟು ಸರಿ ಅನ್ನಿಸುವುದಿಲ್ಲ. ಡೆಟ್ರಾಯಿಟ್‌ನ ಮಾತು ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

ಲೀಡರ್ ಯಾವಾಗಲೂ ಮುಖ್ಯ ದಾರಕ್ಕಿಂತ ದುರ್ಬಲ ಇರಬೇಕು. ಕೊಕ್ಕೆ ಕಲ್ಲಿಗೆ ಸಿಕ್ಕಿದಾಗ ಎಲ್ಲೋ ಒಂದು ಕಡೆ ಹರಿಯಲೇಬೇಕು, ಅಲ್ವಾ? ಅದು ಕೊನೆಯ ಎರಡಡಿಯಲ್ಲಿ ಹರಿಯಲಿ. ಆಗ ಹೋಗುವುದು ಒಂದು ಕೊಕ್ಕೆ, ಒಂದು ಹುಳ. ಗುಂಡು, ಮಣಿ, ಸ್ವಿವೆಲ್ ನಿಮ್ಮ ಕೈಗೆ ವಾಪಸ್ ಬರುತ್ತವೆ. ಇಡೀ ದಾರ ಒಂದೇ ಶಕ್ತಿಯದ್ದಾದರೆ ನದಿಯ ನಡುವೆ ಎಲ್ಲೋ ಹರಿದು ಮೂವತ್ತು ಗಜ ದಾರ ನೀರಿನಲ್ಲೇ ಉಳಿಯುತ್ತದೆ. ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುವುದು ಅಂಥ ದಾರವೇ. ಸಿಕ್ಕಿದ ಬ್ರೇಡನ್ನು ಕೈಗೆ ಸುತ್ತಿ ಎಳೆಯಬೇಡಿ. ಬ್ಲೇಡಿನಂತೆ ಕೊಯ್ಯುತ್ತದೆ. ಒಂದು ಗೇಣುದ್ದದ ಕೋಲು ಜೇಬಿನಲ್ಲಿ ಇರಲಿ, ಅದಕ್ಕೆ ನಾಲ್ಕು ಸುತ್ತು ಸುತ್ತಿ ನೇರ ಹಿಂದಕ್ಕೆ ನಡೆಯಿರಿ.

ಹೊಸ ಬ್ರೇಡನ್ನು ಬರಿ ಸ್ಪೂಲಿನ ಮೇಲೆ ಸುತ್ತಿದರೆ ಅದು ಹಿಡಿತ ಸಿಗದೆ ಒಟ್ಟಿಗೇ ಜಾರಿ ತಿರುಗುತ್ತದೆ. ಮೊದಲು ನಾಲ್ಕಾರು ಗಜ ನೈಲಾನ್ ಸುತ್ತಿ ಅದರ ಮೇಲೆ ಬ್ರೇಡ್ ಹಾಕಿ. ಸ್ಪೂಲಿನ ಅಂಚಿನವರೆಗೆ ತುಂಬಬೇಡಿ. ಮೂರು ಮಿಲಿಮೀಟರ್ ಖಾಲಿ ಇರಲಿ. ರಾಡು ಏಳಡಿಯ ಮೀಡಿಯಂ (ಮಧ್ಯಮ ಬಿಗುವಿನದ್ದು), ರೀಲು 2500 ಅಳತೆಯದ್ದಾದರೆ ಸಾಕು. ಈಗ ಇರುವುದು ಇದರ ಆಸುಪಾಸಿನದ್ದಾಗಿದ್ದರೆ ಸುಮ್ನೆ ದುಡ್ಡು ಖರ್ಚು ಮಾಡಬೇಡಿ.

ಗಂಟುಗಳಲ್ಲಿ ಎರಡು ಬಂದರೆ ಮಾಮೀ ನದಿಗೆ ಸಾಕು. ಬ್ರೇಡನ್ನು ಸ್ವಿವೆಲ್‌ಗೆ ಕಟ್ಟಲು ಪಾಲೋಮರ್. ದಾರದ ತುದಿಯನ್ನು ಆರಿಂಚು ಮಡಚಿ ಜೋಡಿ ಮಾಡಿ. ಆ ಮಡಿಕೆಯನ್ನು ಸ್ವಿವೆಲ್‌ನ ಕಣ್ಣಿನಲ್ಲಿ ತೂರಿಸಿ. ಜೋಡಿ ದಾರದಲ್ಲೇ ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ಬಿಗಿಯಬೇಡಿ. ಈಗ ತುದಿಯಲ್ಲಿ ಒಂದು ಕುಣಿಕೆ ಉಳಿದಿರುತ್ತದೆ. ಅದರೊಳಗಿಂದ ಇಡೀ ಸ್ವಿವೆಲ್ ದಾಟಿಸಿ. ಆಮೇಲೆ ದಾರ ಒದ್ದೆ ಮಾಡಿ ನಿಧಾನ ಎಳೆಯಿರಿ. ಕುಣಿಕೆ ಕಣ್ಣಿನ ಮೇಲೆ ಬಂದು ಅಚ್ಚುಕಟ್ಟಾಗಿ ಕೂರುತ್ತದೆ. ಇನ್ನೊಂದು ಕ್ಲಿಂಚ್, ನೈಲಾನ್ ಲೀಡರನ್ನು ಕೊಕ್ಕೆಗೆ ಕಟ್ಟಲು. ಕಣ್ಣಿನಲ್ಲಿ ತೂರಿಸಿ, ತುದಿಯನ್ನು ದಾರದ ಸುತ್ತ ಐದು ಸಲ ಸುತ್ತಿ, ಕಣ್ಣಿನ ಪಕ್ಕದ ಚಿಕ್ಕ ಕುಣಿಕೆಯಲ್ಲಿ ತೂರಿಸಿ, ಆಗ ಉಂಟಾದ ದೊಡ್ಡ ಕುಣಿಕೆಯಲ್ಲಿ ಮತ್ತೆ ತೂರಿಸಿ ಎಳೆಯಿರಿ. ಬ್ರೇಡಿಗೆ ಕ್ಲಿಂಚ್ ಹಾಕಬೇಡಿ, ಜಾರುತ್ತದೆ. ಒದ್ದೆ ಮಾಡದೆ ಎಳೆದರೆ ತಿಕ್ಕಾಟದ ಬಿಸಿಗೆ ನೈಲಾನ್ ಸುಟ್ಟು ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಸೂಜಿಗೆ ದಾರ ಪೋಣಿಸುವಾಗ ಮಾಡುವ ಹಾಗೆ ಎಂಜಲು ಹಚ್ಚುವುದು ಎಲ್ಲರ ಅಭ್ಯಾಸ. ಸೀಸ ಮುಟ್ಟಿದ ಕೈ ಬಾಯಿಯ ಹತ್ತಿರ ಹೋಗುವುದು ಬೇಡ. ಒಂದು ಲೋಟ ನೀರು ಪಕ್ಕದಲ್ಲಿ ಇಟ್ಟುಕೊಂಡು ಅದರಲ್ಲಿ ಅದ್ದಿ.

ನದಿಯಲ್ಲಿ ಪ್ರತಿ ಹತ್ತು ಎಸೆತಕ್ಕೊಮ್ಮೆ, ಪ್ರತಿ ಮೀನಿನ ನಂತರವೂ, ಲೀಡರನ್ನು ಹೆಬ್ಬೆರಳಿನ ಉಗುರಿಗೂ ತೋರುಬೆರಳಿಗೂ ನಡುವೆ ಹಿಡಿದು ಕೊಕ್ಕೆಯವರೆಗೆ ಎಳೆದು ನೋಡಿ. ಎಲ್ಲಾದರೂ ಗರಗಸದಂತೆ ಒರಟು ಸಿಕ್ಕಿದರೆ ಕತ್ತರಿಸಿ ಹೊಸದು ಕಟ್ಟಿ. ಆಮೇಲೆ ಕೊಕ್ಕೆಯ ಮೊನೆಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಚೂಪಾಗಿದ್ದರೆ ಉಗುರಿಗೆ ಕಚ್ಚಿ ನಿಲ್ಲುತ್ತದೆ. ಜಾರಿ ಹೋದರೆ ಅದು ಯಾವುದೋ ಕಲ್ಲಿಗೆ ಬಡಿದು ಮೊಂಡಾಗಿದೆ. ಎರಡು ವರ್ಷದ ಹಿಂದೆ ನಾನು ಕೈಗೆ ಬಂದ ದೊಡ್ಡ ಹೆಣ್ಣು ಮೀನೊಂದನ್ನು ಈ ಉಗುರಿನ ಪರೀಕ್ಷೆ ಮಾಡದೇ ಕಳೆದುಕೊಂಡೆ. ಒದ್ದಾಡಿ, ಹತ್ತಿರ ಬಂದು, ಬೆಳ್ಳಗಿನ ಬಾಲದ ತುದಿ ತೋರಿಸಿ ಕೊಕ್ಕೆ ಬಿಡಿಸಿಕೊಂಡಿತು. ನೋಡಿದರೆ ಮೊನೆ ಮಡಚಿಕೊಂಡಿತ್ತು. ಅವತ್ತಿನಿಂದ ಇದನ್ನು ತಪ್ಪಿಸಿಲ್ಲ.

ವಾಲ್‌ಐ ಬಾಯಲ್ಲಿ ಹಲ್ಲುಗಳಿವೆ, ಆದರೆ ಚುಚ್ಚುವ ಹಲ್ಲು, ಕತ್ತರಿಸುವುದಲ್ಲ. ಹಾಗಾಗಿ ಉಕ್ಕಿನ ಲೀಡರ್ ಬೇಡ. ಕೈಗೆ ತಗೊಳ್ಳುವಾಗ ಮಾತ್ರ ಬೆನ್ನಿನ ಮುಳ್ಳು, ಕಿವಿರಿನ ಮುಚ್ಚಳದ ಅಂಚು ಎರಡೂ ಕೊಯ್ಯುತ್ತವೆ, ಜೋಪಾನ.

ಎಸೆಯುವ ರೀತಿ ಹೀಗಿರಲಿ. ಎದುರು ದಡಕ್ಕೆ ಮುಖ ಮಾಡಿ ನಿಲ್ಲಿ. ನೀರು ಎಡದಿಂದ ಬಲಕ್ಕೆ ಹರಿಯುತ್ತಿದ್ದರೆ ಗಡಿಯಾರದ ಹನ್ನೊಂದರ ದಿಕ್ಕಿಗೆ, ಅಂದರೆ ಸ್ವಲ್ಪ ಮೇಲ್ಹರಿವಿಗೆ ಎಸೆಯಿರಿ. ಗುಂಡು ತಳ ಮುಟ್ಟಿದ ಕೂಡಲೇ ಸಡಿಲ ದಾರ ಸುತ್ತಿಕೊಂಡು, ರಾಡಿನ ತುದಿ ಎತ್ತಿ ಹಿಡಿದು, ಅದರ ಜೊತೆಗೇ ನಿಧಾನವಾಗಿ ತಿರುಗಿ. ಟಕ್ ಟಕ್ ಅನ್ನುತ್ತಾ ಕಮಾನಿನಂತೆ ಕೆಳಕ್ಕೆ ಬರುತ್ತದೆ. ದಾರ ಪೂರ್ತಿ ಕೆಳಹರಿವಿಗೆ ನೇರವಾಗಿ ಏಟು ನಿಂತ ಮೇಲೆ ಎತ್ತಿ ಸುತ್ತಿಕೊಳ್ಳಿ. ಅಲ್ಲಿ ಬಿಟ್ಟು ಮಾತಾಡುತ್ತಾ ನಿಂತರೆ ಸಂದಿಗೆ ಹೋಗುತ್ತದೆ. ಮೀನು ಕಚ್ಚಿದ್ದು ತುಂಗೆಯ ಬೆಂಡು ಮುಳುಗಿದಂತೆ ಸ್ಪಷ್ಟವಾಗಿ ಇರುವುದಿಲ್ಲ. ಏಟುಗಳ ತಾಳ ತಪ್ಪುತ್ತದೆ, ಅಷ್ಟೇ. ಟಕ್, ಟಕ್, ಆಮೇಲೆ ಮೆತ್ತಗೆ ಭಾರ, ಒದ್ದೆ ಬಟ್ಟೆ ಸಿಕ್ಕಿದ ಹಾಗೆ. ಆಗ ರಾಡನ್ನು ಗಟ್ಟಿಯಾಗಿ ಎತ್ತಿ. ಪಕ್ಕಕ್ಕೆ ಬೀಸಿ ಜಗ್ಗಬೇಡಿ.

ಈ ಜಗ್ಗುವ ಮಾತಿಗೆ ಕಾನೂನೂ ಇದೆ. ಮೊಟ್ಟೆ ಇಡುವ ಜಾಗದಲ್ಲಿ ಮೀನು ಒತ್ತೊತ್ತಾಗಿ ನಿಂತಿರುತ್ತದೆ. ಉದ್ದ ಲೀಡರ್ ಕಟ್ಟಿ ರಭಸದಿಂದ ಎಳೆದರೆ ಕೊಕ್ಕೆ ಅದರ ಹೊಟ್ಟೆಗೋ ಬಾಲಕ್ಕೋ ಚುಚ್ಚಿಕೊಳ್ಳುತ್ತದೆ. ಬಾಯಿಯ ಒಳಗೆ ಸಿಕ್ಕದ ಮೀನನ್ನು ನೀರಿಗೆ ಬಿಡಲೇಬೇಕು. ನಾನು ಲೀಡರ್ ಎರಡಡಿ ದಾಟಬಾರದು ಅನ್ನುವುದು ಇದಕ್ಕೇ. ಮಾರ್ಚ್ 1ರಿಂದ ಮೇ 1ರವರೆಗೆ ಮಾಮೀ ಮತ್ತು ಸ್ಯಾಂಡಸ್ಕಿ ನದಿಗಳಲ್ಲಿ ಒಂಟಿ ಕೊಕ್ಕೆ ಮಾತ್ರ. ಅದರ ಮೊನೆಗೂ ಕಡ್ಡಿಗೂ ನಡುವಿನ ಅಂತರ ಅರ್ಧ ಇಂಚು ಮೀರಬಾರದು. ಸೂರ್ಯ ಹುಟ್ಟುವ ಮೊದಲು, ಮುಳುಗಿದ ಮೇಲೆ ಮೀನು ಹಿಡಿಯುವಂತಿಲ್ಲ. ದಿನಕ್ಕೆ 6 ಮೀನು, ಒಂದೊಂದೂ 15 ಇಂಚಿಗೆ ಕಡಿಮೆ ಇರಬಾರದು ಅನ್ನುವುದು ಈಚಿನ ವರ್ಷಗಳ ಲೆಕ್ಕ. ಪ್ರತಿ ವರ್ಷ ಇಳಿಯುವ ಮೊದಲು ರಾಜ್ಯದ ನಿಯಮ ಪುಸ್ತಕ ನೋಡಿಕೊಳ್ಳಿ. ಮೊಟ್ಟೆ ತುಂಬಿದ ದೊಡ್ಡ ಹೆಣ್ಣು ಸಿಕ್ಕಿದರೆ ಬಿಟ್ಟುಬಿಡಿ ಅನ್ನುವುದು ಕಾನೂನಲ್ಲ, ನನ್ನ ಕೋರಿಕೆ. ರವಾ ಫ್ರೈಗೆ ಎರಡು ಪೌಂಡಿನ ಗಂಡು ಮೀನೇ ರುಚಿ.

ನೀರಿಗೆ ಇಳಿಯುವ ಬಗ್ಗೆ ಒಂದು ಮಾತು, ಇದನ್ನು ಹಗುರವಾಗಿ ತಗೋಬೇಡಿ. 42 ಡಿಗ್ರಿ ಫ್ಯಾರನ್‌ಹೀಟ್ ಅಂದರೆ ನಮ್ಮ ಲೆಕ್ಕದಲ್ಲಿ ಐದೂವರೆ ಡಿಗ್ರಿ. ಆ ನೀರಿನಲ್ಲಿ ಬಿದ್ದರೆ ಈಜು ಬರುವವರ ಕೈಕಾಲೂ ಕೆಲವೇ ನಿಮಿಷದಲ್ಲಿ ಮಾತು ಕೇಳುವುದಿಲ್ಲ. ಎದೆವರೆಗಿನ ವೇಡರ್ (ನೀರು ಒಳಗೆ ಬಾರದ ಉದ್ದ ಉಡುಪು) ಹಾಕಿದ ಮೇಲೆ ಸೊಂಟಕ್ಕೆ ಬೆಲ್ಟ್ ಬಿಗಿಯಲೇಬೇಕು. ಬಿದ್ದರೂ ನೀರು ಒಳಗೆ ನುಗ್ಗುವುದು ಕಡಿಮೆ ಆಗುತ್ತದೆ. ಲೈಫ್ ಜಾಕೆಟ್ ಹಾಕಿ, ಒಂದು ಊರುಗೋಲು ಹಿಡಿಯಿರಿ. ಸೊಂಟದವರೆಗೆ ನಿಂತಿದ್ದೆ ಅಂತ ಬರೆದಿದ್ದೀರಿ. ತೊಡೆಯ ಮಟ್ಟ ದಾಟಬೇಡಿ, ಮೀನು ಅನೇಕ ಸಲ ನೀವು ನಿಂತ ಜಾಗಕ್ಕಿಂತ ಹತ್ತಿರವೇ ಇರುತ್ತದೆ. ಮನೆಯಿಂದ ಹೊರಡುವ ಮೊದಲು ವಾಟರ್‌ವಿಲ್‌ನಲ್ಲಿರುವ ಸರ್ಕಾರಿ ಮಾಪಕದ ಅಂಕಿ ಮೊಬೈಲಿನಲ್ಲಿ ನೋಡಿ. ನೀರು ಏರುತ್ತಿದ್ದರೆ ನಡುಗಡ್ಡೆಗೆ ದಾಟಲೇಬೇಡಿ. ಹೋಗುವಾಗ ಮೊಣಕಾಲಷ್ಟು ಇದ್ದದ್ದು ಬರುವಾಗ ಹಾಗೇ ಇರುವುದಿಲ್ಲ.

ಇನ್ನು ಡೆಟ್ರಾಯಿಟ್ ನದಿ. ಅದು ಬೇರೆಯೇ ಲೋಕ. ಸೇಂಟ್ ಕ್ಲೇರ್ ಸರೋವರದಿಂದ ಈರಿ ಸರೋವರಕ್ಕೆ ಹರಿಯುವ ಅಗಲವಾದ, ಆಳವಾದ ನೀರು. ನೀವು ಹಿಡಿಯುವುದು ಹೆಚ್ಚಾಗಿ 15ರಿಂದ 30 ಅಡಿ ಆಳದಲ್ಲಿ, ದೋಣಿಯ ಪಕ್ಕದಲ್ಲೇ ದಾರವನ್ನು ನೇರ ಕೆಳಗೆ ಬಿಟ್ಟು. ಮಾಮೀ ನದಿಯಲ್ಲಿ ನಿಮ್ಮನ್ನು ಕೈಬಿಟ್ಟ ಸೀಸದ ಜಿಗ್ ಇಲ್ಲಿ ರಾಜ. ಅಡ್ಡಡ್ಡ ಎಳೆಯುವುದಿಲ್ಲವಲ್ಲ, ಮೇಲೆ ಕೆಳಗೆ ಮಾತ್ರ ಆಡಿಸುವುದು. ಹಾಗಾಗಿ ಕಲ್ಲಿಗೆ ಸಿಕ್ಕುವುದು ಕಡಿಮೆ. ಅರ್ಧ ಔನ್ಸಿನಿಂದ ಮುಕ್ಕಾಲು ಔನ್ಸ್ ಇಟ್ಟುಕೊಳ್ಳಿ. ನನ್ನ ಕೈ ಮೊದಲು ಹೋಗುವುದು 5/8ಕ್ಕೆ. ದೋಣಿ ನಡೆಸುವವರು ಮುಂಭಾಗದ ವಿದ್ಯುತ್ ಮೋಟಾರಿನಿಂದ ಸೆಳವಿನ ವೇಗಕ್ಕೇ ದೋಣಿಯನ್ನು ತೇಲಿಸುತ್ತಾರೆ. ದಾರ ಗೋಡೆ ಕಟ್ಟುವವರ ತೂಗುಗುಂಡಿನ ದಾರದಂತೆ ನೆಟ್ಟಗೆ ಇರಬೇಕು. ಓರೆಯಾಯಿತು ಅಂದರೆ ತೂಕ ಬದಲಿಸುವ ಮೊದಲು ಗೆಳೆಯರಿಗೆ ದೋಣಿ ಸರಿಮಾಡಲು ಹೇಳಿ.

ಇಲ್ಲಿ 10 ಪೌಂಡಿನ ಬ್ರೇಡಿಗೆ ಎರಡು ಮೂರಡಿ ಫ್ಲೋರೋಕಾರ್ಬನ್ ಲೀಡರ್, 8 ಪೌಂಡಿನದ್ದು. ನೀರು ಮಾಮೀ ನದಿಗಿಂತ ತಿಳಿ, ಹಾಗಾಗಿ ಇಲ್ಲಿ ಫ್ಲೋರೋಕಾರ್ಬನ್ನಿಗೆ ಕೊಟ್ಟ ದುಡ್ಡು ಸಾರ್ಥಕ. ಎರಡೂ ದಾರವನ್ನು ನೇರವಾಗಿ ಒಂದಕ್ಕೊಂದು ಕಟ್ಟಬೇಕು. ಡಬಲ್ ಯೂನಿ ಅನ್ನುವ ಗಂಟು ಕಲಿಯಿರಿ. ಬ್ರೇಡಿನ ಕಡೆ ಎಂಟು ಸುತ್ತು, ಲೀಡರಿನ ಕಡೆ ಐದು ಸುತ್ತು.

ಜಿಗ್ ಕಟ್ಟಿದ ಮೇಲೆ ಅದನ್ನು ಕಣ್ಣೆದುರು ತೂಗುಬಿಟ್ಟು ನೋಡಿ. ಗಂಟು ಜಿಗ್ಗಿನ ಕಣ್ಣಿನ ನೆತ್ತಿಯ ಮೇಲೆ ಕೂತಿದ್ದರೆ ಜಿಗ್ ಚಿಕ್ಕ ಮೀನು ಈಜುವ ಹಾಗೆ ಅಡ್ಡಕ್ಕೆ ತೂಗುತ್ತದೆ. ಗಂಟು ಮುಂದಕ್ಕೆ ಜಾರಿದ್ದರೆ ಬಾಲ ಕೆಳಗೆ ಬಿದ್ದು ಸತ್ತದ್ದರಂತೆ ಕಾಣುತ್ತದೆ. ಪ್ರತಿ ಮೀನಿನ ನಂತರ, ಪ್ರತಿ ಸಲ ಕಲ್ಲಿಗೆ ಸಿಕ್ಕಿ ಬಿಡಿಸಿದ ನಂತರ ಉಗುರಿನಿಂದ ಗಂಟನ್ನು ನೆತ್ತಿಗೆ ತಳ್ಳಿ. ಒಂದು ಸೆಕೆಂಡಿನ ಕೆಲಸ. ದೋಣಿಯಲ್ಲಿ ಒಬ್ಬರಿಗೆ ಮೀನು ಮೇಲೆ ಮೀನು, ಪಕ್ಕದವರಿಗೆ ಏನೂ ಇಲ್ಲ ಅಂದಾಗ ನಾನು ಮೊದಲು ನೋಡುವುದು ಈ ಗಂಟನ್ನು.

ಜಿಗ್ ತಳ ಮುಟ್ಟಿದ ಮೇಲೆ ಆರಿಂಚು ಎತ್ತಿ, ದಾರ ಸಡಿಲ ಬಿಡದೆ ಅದರ ಜೊತೆಗೇ ರಾಡಿನ ತುದಿಯನ್ನು ಇಳಿಸಿ. ಮೀನು ಕಚ್ಚುವುದು ಹೆಚ್ಚಾಗಿ ಇಳಿಯುವಾಗಲೇ. ಸಡಿಲ ಬಿಟ್ಟರೆ ನಿಮಗೆ ತಿಳಿಯುವುದೇ ಇಲ್ಲ. ಪ್ಲಾಸ್ಟಿಕ್ ಹುಳದ ಬದಲು ಸತ್ತ ಅಥವಾ ಜೀವಂತ ಚಿಕ್ಕ ಮೀನು ಕಟ್ಟುವುದಾದರೆ ಕೊಕ್ಕೆಯನ್ನು ಬಾಯಿಯಿಂದ ಒಳಗೆ, ಕಿವಿರಿನಿಂದ ಹೊರಗೆ ತಂದು ಮತ್ತೆ ಬೆನ್ನಿಗೆ ಚುಚ್ಚಿ. ಸೆಳವಿನಲ್ಲಿ ಕಳಚುವುದಿಲ್ಲ. ಮೀನು ಬರೀ ಬಾಲ ಕಚ್ಚಿ ಹೋಗುತ್ತಿದ್ದರೆ ಜಿಗ್ಗಿನ ಹಿಂದೆ ಎರಡು ಮೂರು ಇಂಚಿನ ದಾರದಲ್ಲಿ ಇನ್ನೊಂದು ಚಿಕ್ಕ ಕೊಕ್ಕೆ ಕಟ್ಟುತ್ತಾರೆ. ಸ್ಟಿಂಗರ್ ಅಂತ ಅದರ ಹೆಸರು. ಡೆಟ್ರಾಯಿಟ್‌ನಲ್ಲಿ ಬಳಸಿ, ಮನೆಗೆ ಬಂದ ಮೇಲೆ ಪೆಟ್ಟಿಗೆಯಿಂದ ತೆಗೆದಿಡಿ. ಮಾಮೀ ನದಿಯಲ್ಲಿ ಆ ಎರಡು ತಿಂಗಳು ಎರಡನೇ ಕೊಕ್ಕೆಗೆ ಅವಕಾಶ ಇಲ್ಲ. ಇನ್ನೊಂದು ವಿಷಯ, ಡೆಟ್ರಾಯಿಟ್ ನದಿಯ ನಡುವೆ ದೇಶದ ಗಡಿ ಹಾದುಹೋಗುತ್ತದೆ. ಈಚೆಗೆ ಮಿಷಿಗನ್ ಲೈಸೆನ್ಸ್, ಆಚೆ ಕೆನಡಾ ಕಡೆ ದಾರ ಬಿಟ್ಟರೆ ಒಂಟಾರಿಯೋ ಲೈಸೆನ್ಸ್. ನಿಮ್ಮ ಒಹಾಯೋ ಲೈಸೆನ್ಸ್ ಎರಡಕ್ಕೂ ಆಗುವುದಿಲ್ಲ.

ರೀಲಿನ ಡ್ರ್ಯಾಗ್ ಮರೆತಿದ್ದೆ, ಅಂದರೆ ಮೀನು ಜೋರಾಗಿ ಎಳೆದಾಗ ದಾರವನ್ನು ಹಿಡಿದು ಹಿಡಿದು ಬಿಡುವ ಬ್ರೇಕು. ಲೀಡರಿನ ಶಕ್ತಿಯ ಕಾಲು ಭಾಗದಷ್ಟು ಬಿಗಿ ಇರಲಿ. 8 ಪೌಂಡ್ ಲೀಡರ್ ಆದರೆ ಎರಡು ಪೌಂಡ್ ಎಳೆತಕ್ಕೆ ದಾರ ಬಿಡಬೇಕು. ಬಕೆಟ್ಟಿಗೆ ಒಂದು ಕಿಲೋ ಅಕ್ಕಿ ಹಾಕಿ ದಾರದಿಂದ ಎತ್ತಿ ನೋಡಿ, ಅಂದಾಜು ಸಿಗುತ್ತದೆ. ಬ್ರೇಡ್ ಹಿಗ್ಗುವುದಿಲ್ಲ ಅಂದೆನಲ್ಲ, ದೊಡ್ಡ ಮೀನು ಕೊನೆಗಳಿಗೆಯಲ್ಲಿ ತಲೆ ಕೊಡವಿದಾಗ ಡ್ರ್ಯಾಗ್ ಬಿಟ್ಟರೆ ಬೇರೆ ರಕ್ಷಣೆ ಇಲ್ಲ.

ಮಗಳನ್ನು ಖಂಡಿತ ಕರೆದುಕೊಂಡು ಹೋಗಿ. ಒಹಾಯೋದಲ್ಲಿ 16 ತುಂಬದವರಿಗೆ ಲೈಸೆನ್ಸ್ ಬೇಡ. ಆದರೆ ಅವಳನ್ನು ನೀರಿಗೆ ಇಳಿಸಬೇಡಿ, ಡೆಟ್ರಾಯಿಟ್ ದೋಣಿಯೂ ಈ ವರ್ಷ ಬೇಡ. ಪೆರ್ರಿಸ್‌ಬರ್ಗ್‌ನ ಆರ್ಲಿಯನ್ಸ್ ಪಾರ್ಕ್ ಕಡೆ ದಡದಿಂದಲೇ ಎಸೆಯಬಹುದು. ಶನಿವಾರ, ಭಾನುವಾರ ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ, ವಾರದ ನಡುವೆ ಒಂದು ಸಂಜೆ ಹೋಗಿ. ಐದೂವರೆ ಆರಡಿಯ ಹಗುರ ರಾಡು ಕೊಡಿ. ದಾರ ಬ್ರೇಡ್ ಬೇಡ, ಸಿಕ್ಕುಗಟ್ಟಿದರೆ ಬಿಡಿಸುವುದು ಕಷ್ಟ, ಮೇಲಾಗಿ ಚಿಕ್ಕ ಬೆರಳು ಕೊಯ್ಯುತ್ತದೆ. 8 ಪೌಂಡಿನ ಮೋನೋ, 6 ಪೌಂಡಿನ ಲೀಡರ್, 3/8 ಔನ್ಸಿನ ಗುಂಡು, ಗುಲಾಬಿ ಬಣ್ಣದ ಹುಳ. ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಲೈಫ್ ಜಾಕೆಟ್ ಕಾರಿನಿಂದ ಇಳಿಯುವಾಗಲೇ ಹಾಕಿಸಿ. ಬಿಸಿಲಿನ ಕನ್ನಡಕ ಇಬ್ಬರಿಗೂ ಇರಲಿ, ಕಲ್ಲಿನಿಂದ ಕಿತ್ತು ಬರುವ ಗುಂಡು ನೇರ ಮುಖದ ಕಡೆಗೇ ಹಾರುತ್ತದೆ. ಮೊದಲ ಕೆಲವು ಎಸೆತ ನೀವೇ ಎಸೆದು ರಾಡನ್ನು ಅವಳ ಕೈಗೆ ಕೊಡಿ. ಅವಳ ಬೆರಳನ್ನು ರೀಲಿನ ಮುಂದೆ ದಾರದ ಮೇಲೆ ಇಡಿಸಿ, ಟಕ್ ಅನ್ನುವುದು ಸಿಕ್ಕಿತಾ ಅಂತ ಕೇಳಿ. ಸಿಕ್ಕಿತು ಅಂದ ಮೇಲೆ ಮುಂದಿನ ಎಸೆತ ಅವಳದ್ದೇ.